ಕಿವಿಗೊಟ್ಟವರು

“ಈ ಕುರ್ಚಿ ಆ ಕಡೆ ಎಳೀರಿ, ಹೂವು ಇಡೋಕೆ ಜಾಗ ಇಲ್ಲ,” ಎನ್ನುತ್ತ ಮಗಳು ಮೇಜನ್ನು ಗೋಡೆಗೆ ನೂಕುತ್ತಿದ್ದಾಗ, ನರೆಗೂದಲಿನ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು.

ನಡುಮನೆಯಲ್ಲಿ ತಾಯಿಯ ದೇಹ. ತಲೆಯ ಹತ್ತಿರ ತೀರಿಕೊಂಡವಳ ಗಂಡ ಕೂತಿದ್ದ. ಜೀವಮಾನವೆಲ್ಲ ಅಚ್ಚಿನ ಯಂತ್ರಗಳ ಗದ್ದಲದಲ್ಲಿ ದುಡಿದು ಅವನ ಕಿವಿ ಮಂದವಾಗಿತ್ತು. ಮನೆಯಲ್ಲೂ ಕೂಗಿಯೇ ಮಾತು.

“ಯಾರಮ್ಮಾ ಅವರು?” ಎಂದು ಮಗಳನ್ನು ಕೇಳಿದ.

“ನಾನು ಡಾಕ್ಟರು. ಓದೋವಾಗ ನಿಮ್ಮ ಮನೆಯವರ ಎದೆ ಕೇಳಿ ಪಾಠ ಕಲಿತವಳು,” ಎಂದು ಬಂದವಳೇ ದನಿ ಏರಿಸಿ ಹೇಳಿದಳು.

ಅವನ ಮುಖ ಬಿಗಿಯಿತು. “ಓ, ಆ ಕಾಲೇಜಿನವರಾ! ವರ್ಷಾವರ್ಷ ಕರೆಸಿ ಅವಳನ್ನ ಪ್ರದರ್ಶನಕ್ಕಿಟ್ಟೋರು!”

“ಮೆಲ್ಲಗೆ ಭಾವ,” ಎಂದಳು ಸತ್ತವಳ ತಂಗಿ. “ಅಕ್ಕ ಇಷ್ಟಪಟ್ಟೇ ಹೋಗ್ತಿದ್ಲು.”

*

ಸತ್ತವಳ ಹೃದಯದ ಒಂದು ಕವಾಟ ಹುಟ್ಟಿನಿಂದಲೇ ಬೇರೆ ಥರ. ಎರಡು ಕಡೆ ಹಂಚಿಹೋಗಬೇಕಾದ ಎಳೆಗಳೆಲ್ಲ ಪ್ಯಾರಾಚೂಟಿನ ಹಗ್ಗಗಳಂತೆ ಒಂದೇ ಕಡೆ ಬಿಗಿದುಕೊಂಡಿದ್ದವು. ರಕ್ತ ನುಸುಳಲು ಇಕ್ಕಟ್ಟು. ಆಗಿನ ಡಾಕ್ಟರುಗಳು ಅದನ್ನು ಪ್ಯಾರಾಚೂಟ್ ಕವಾಟ ಎಂದರು.

ಅವಳು ಪರದೆ ಬಟ್ಟೆಯ ಅಂಗಡಿಯಲ್ಲಿದ್ದಳು. ಏಣಿ ಹತ್ತಿದರೆ ಏದುಸಿರು, ಹಾಗಾಗಿ ಕೆಳಗಿನ ಅರೆಗಳ ಬಟ್ಟೆಯನ್ನೇ ಹೊಗಳಿ ಹೊಗಳಿ ಮಾರುತ್ತಿದ್ದಳು. “ನಂಗೇನು ಭಯ? ಪ್ಯಾರಾಚೂಟ್ ಕಟ್ಕೊಂಡೇ ಹುಟ್ಟಿದೀನಿ. ಬಿದ್ರೂ ನಿಧಾನಕ್ಕೇ ಬೀಳ್ತೀನಿ,” ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು.

ಇಂಥ ಎದೆ ಅಪರೂಪವೆಂದು ವೈದ್ಯಕೀಯ ಕಾಲೇಜಿನವರು ವರ್ಷಕ್ಕೊಮ್ಮೆ ಕರೆಯುತ್ತಿದ್ದರು. ಆ ದಿನ ಅವಳು ಒಳ್ಳೆಯ ಬಟ್ಟೆ ಉಟ್ಟು, ಕೂದಲಿಗೆ ಎರಡು ಸಲ ಬಾಚಣಿಗೆ ಹಾಕುವಳು. “ನಾಚ್ಕೆ ಆಗಲ್ವಾ ನಿಂಗೆ? ಕಂಡಕಂಡೋರೆಲ್ಲ ಎದೆ ಮುಟ್ಟಿ ನೋಡೋದಕ್ಕೆ!” ಎಂದು ಗಂಡ ರೇಗುವನು. ಅವಳು ಏನೋ ಹೇಳಲು ಬಾಯಿ ತೆರೆಯುವಳು. ಅವನ ಕೂಗು ಮುಗಿಯುವ ಲಕ್ಷಣ ಕಾಣದೆ ಹೊರಟುಬಿಡುವಳು.

*

“ಒಂದ್ಸಲ ನಾನೇ ಕೇಳಿದ್ದೆ,” ಎಂದಳು ಡಾಕ್ಟರು, ಗಂಡನ ಪಕ್ಕಕ್ಕೆ ಬಂದು ಕೂತು. “ಪ್ರತಿ ವರ್ಷ ಬರ್ತೀರಲ್ಲ, ಬೇಜಾರಾಗಲ್ವಾ ಅಂತ.”

“ಏನಂದ್ಲು?”

ಡಾಕ್ಟರು ಮಗಳ ಕಡೆ ನೋಡಿದಳು. ಹೇಳಿ ಎಂಬಂತೆ ಮಗಳು ತಲೆಯಾಡಿಸಿದಳು.

“‘ಬೇರೆ ಎಲ್ಲೂ ನನಗೋಸ್ಕರ ಯಾರೂ ಇಷ್ಟು ಸುಮ್ಮನಾಗಲ್ಲ ಕಣಮ್ಮ. ನೀವು ಉಸಿರು ಬಿಗಿ ಹಿಡ್ಕೊಂಡು ಕೇಳ್ತೀರಿ’ ಅಂದ್ರು.”

ಗಂಡ ಹೆಂಡತಿಯ ಮುಖದತ್ತ ತಿರುಗಿದ.

“ಅಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದೆ. ನಂಗೇನೂ ಕೇಳಿಸ್ಲಿಲ್ಲ.”

“ಅದು ಸ್ಟೆತಸ್ಕೋಪ್ ಇಲ್ದೆ ಬರೀ ಕಿವಿಗೆ ಕೇಳಿಸೋ ಸದ್ದಲ್ಲ ಬಿಡಿ.”

“ಹೇಗಿತ್ತು?”

ಡಾಕ್ಟರು ಅವನ ಬಲಗಿವಿಯತ್ತ ಬಾಗಿದಳು. ಆ ಎದೆಯ ಸದ್ದನ್ನು ಅನುಕರಿಸಿದಳು: ತುಟಿಯಲ್ಲಿ ಎರಡು ಪುಟ್ಟ ಬಡಿತ. ಹಿಂದೆಯೇ ಗಂಟಲೊಳಗಿಂದ, ದೂರದ ಸೇತುವೆಯ ಮೇಲೆ ಗಾಡಿ ಹೋದಂತೆ, ತಗ್ಗಿದ ಗುಡುಗು.

“ಹೊರಡೋಣ್ವಾ?” ಎನ್ನುತ್ತ ಶವವಾಹನದ ಚಾಲಕ ಇಣುಕಿದ. ಮಗಳು ಕೈಯೆತ್ತಿ ತಡೆದಳು. ಹೋಗಿ ಫ್ಯಾನ್ ಆರಿಸಿದಳು. ರೆಕ್ಕೆಗಳು ತಿರುಗಿ ತಿರುಗಿ ನಿಂತವು. ಹೂವು ಹಿಡಿದವರು ಹಿಡಿದಂತೆಯೇ ನಿಂತರು.

ಗಂಡ ಕಿವಿಯನ್ನು ಇನ್ನಷ್ಟು ಹತ್ತಿರ ತಂದ.

“ಇನ್ನೊಂದ್ಸಲ,” ಎಂದ.