ಸಾಹೇಬನ ಚೀಟಿ

ನಮ್ಮ ಅತ್ತೆ ಇಪ್ಪತ್ತೊಂಬತ್ತು ವರ್ಷ ಟ್ರಾಫಿಕ್ ಪೊಲೀಸ್ ಆಗಿದ್ದವರು. ಹಾರ್ನುಗಳ ನಡುವೆ ನಿಂತೂ ನಿಂತೂ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಅವರ ನಾಯಿ ಸಾಹೇಬನಿಗೆ ಹದಿಮೂರು ವರ್ಷ. ಅವನಿಗೆ ಎರಡು ಕಿವಿಯೂ ಕೇಳುತ್ತಿರಲಿಲ್ಲ. ಇನ್ನೊಂದರ ಹೆಸರು ತರಲೆ, ಐದು ತಿಂಗಳ ಹೆಣ್ಣುಮರಿ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಮೆಟ್ಟಿಲ ಕೆಳಗೆ ಸಿಕ್ಕಿತ್ತು. ಅದಕ್ಕೆ ಕಿವಿ ಚೆನ್ನಾಗಿ ಕೇಳುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ.

ನಮ್ಮ ಕಟ್ಟಡದ ಹಿಂದೆ ಬೇಲಿ ಹಾಕಿದ ಹುಲ್ಲುಹಾಸೊಂದಿದೆ. ಅಲ್ಲಿಗೆ ನಾಯಿ ಬರಬೇಕಾದರೆ ಪರೀಕ್ಷೆ ಪಾಸಾದ ಚೀಟಿ ಬೇಕೆಂದು ನಿವಾಸಿಗಳ ಸಂಘದ ಕಾರ್ಯದರ್ಶಿ ನೋಟಿಸ್ ಅಂಟಿಸಿದರು. ತರಬೇತುದಾರನೊಬ್ಬನನ್ನೂ ಗೊತ್ತುಮಾಡಿದರು. ಮೊದಲ ಭಾನುವಾರವೇ ಅವನು ಸಾಹೇಬನ ಬೆನ್ನ ಹಿಂದೆ ನಿಂತು ಸೀಟಿ ಊದಿದ. ಸಾಹೇಬ ಹುಲ್ಲು ಮೂಸುತ್ತಲೇ ಇದ್ದ.

"ಇದಕ್ಕೆ ಕಿವಿ ಕೇಳಲ್ಲಮ್ಮ. ಈ ವಯಸ್ಸಲ್ಲಿ ಇನ್ನೇನು ಕಲಿಯುತ್ತೆ? ಮನೇಲಿ ಆರಾಮಾಗಿ ಇರ್ಲಿ ಬಿಡಿ. ಮರೀನ ಮಾತ್ರ ಕರ್ಕೊಂಡ್ಬನ್ನಿ," ಎಂದ.

ಅತ್ತೆ ಸಾಹೇಬನ ಹಗ್ಗ ಹಿಡಿದು ಮನೆಯತ್ತ ಹೊರಟರು. ಕೇಳಿಸಲಿಲ್ಲವೇನೋ ಅಂದುಕೊಂಡೆ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದರು: "ನನ್ನನ್ನೂ ಹೀಗೇ ಚೌಕದಿಂದ ಎಬ್ಬಿಸಿ ಫೈಲಿನ ಮುಂದೆ ಕೂರಿಸಿದ್ರು. ಆರಾಮಾಗಿರಿ ಅಂದ್ರು. ಕೊನೇ ನಾಲ್ಕು ವರ್ಷ ಸೀಲು ಒತ್ಕೊಂಡು ಕೂತೆ. ಆಗ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಇನ್ನು ಆಗಲ್ಲ."

"ನಾಯಿ ವಿಷಯಕ್ಕೆ ಇಷ್ಟು ಹಠ ಯಾಕೆ ಅತ್ತೆ?"

"ಅವನಿಗೆ ಹಠ ಮಾಡೋಕೆ ಬರಲ್ವಲ್ಲ, ಅದಕ್ಕೆ."

ಮರುದಿನ ಮೇಜು, ಕುರ್ಚಿ ಗೋಡೆ ಸೇರಿದವು. ನಡುಮನೆಯೇ ಚೌಕವಾಯಿತು. ಸಾಹೇಬ ತಮ್ಮತ್ತ ನೋಡುವಂತೆ ಮಾಡುವುದೇ ಅತ್ತೆಗೆ ಮೊದಲ ಕಷ್ಟ. ಹಿಮ್ಮಡಿಯಿಂದ ಹಲಗೆಯ ನೆಲವನ್ನು ಗುದ್ದಿದರು. ಅದುರಿದ್ದು ತಿಳಿದು ಸಾಹೇಬ ತಿರುಗಿದ. ತಿರುಗಿದ ತಕ್ಷಣ ಬಾಯಿಗೆ ಬೇಯಿಸಿದ ಕುರಿ ಈಲಿಯ ಚೂರು. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರು ಕುಟ್ಟಿದರು.

"ಅತ್ತೆ, ಕೆಳಗಿನವರು ಬಯ್ತಿದ್ದಾರೆ."

"ನನಗೆ ಕೇಳಿಸ್ತಿಲ್ಲ," ಎಂದು ಅತ್ತೆ ಮತ್ತೆ ಗುದ್ದಿದರು.

ಅಂಗೈ ಎತ್ತಿದರೆ ನಿಲ್ಲಬೇಕು. ಕೈ ಕೆಳಗಿಳಿಸಿದರೆ ಕೂರಬೇಕು. ಎದೆಯತ್ತ ಬೀಸಿದರೆ ಬರಬೇಕು. ಮೊದಲ ವಾರ ಸಾಹೇಬ ಕಲಿತದ್ದು ಒಂದೇ, ಈಲಿ ಯಾವ ಜೇಬಿನಲ್ಲಿದೆ ಎಂಬುದು. ತರಲೆ ಮೂರೇ ದಿನಕ್ಕೆ ಎಲ್ಲ ಕಲಿತು, ಮನಸ್ಸಾದಾಗ ಮಾತ್ರ ಪಾಲಿಸಿತು. ತನ್ನ ಪಾಲು ನುಂಗಿ ಸಾಹೇಬನ ಪಾಲಿಗೂ ಬಾಯಿ ಹಾಕುತ್ತಿತ್ತು. ಅವನು ಒಮ್ಮೆ ಗುರ್ರೆಂದರೆ ಸೋಫಾದಡಿ ನುಗ್ಗಿ ನನ್ನ ಚಪ್ಪಲಿಯ ಮೇಲೆ ಸೇಡು ತೀರಿಸಿಕೊಳ್ಳುತ್ತಿತ್ತು.

ನಾಲ್ಕನೆಯ ವಾರ ಒಂದು ಸಂಜೆ ಅಂಗಡಿಯಿಂದ ಬಂದು ಬಾಗಿಲು ತೆರೆದೆ. ಅತ್ತೆ ನಡುಮನೆಯಲ್ಲಿ ಅಂಗೈ ಎತ್ತಿ ನಿಂತಿದ್ದರು. ಸಾಹೇಬನ ಕಾಲಬುಡದಲ್ಲೇ ಈಲಿಯ ತುಂಡು ಬಿದ್ದಿತ್ತು. ಜೊಲ್ಲು ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಹಿಂಗಾಲು ನಡುಗುತ್ತಿದ್ದವು. ಅತ್ತೆಯ ಕೈ ಇಳಿಯುವವರೆಗೂ ಅವನು ಮೂತಿ ಬಗ್ಗಿಸಲಿಲ್ಲ.

"ನೋಡಿದ್ಯಾ?" ಎಂದರು.

ಪರೀಕ್ಷೆಯ ದಿನ ಏಳು ನಾಯಿಗಳು ಸಾಲಾಗಿ ನಿಂತವು. ಸೀಟಿಗೆ ಸಾಹೇಬ ತಿರುಗಲಿಲ್ಲ. ಸನ್ನೆಗೇ ಒಗ್ಗಿಹೋಗಿದ್ದ ತರಲೆಯೂ ತಿರುಗಲಿಲ್ಲ. ಅತ್ತೆ ಕೈ ಬೀಸಿದರು, ಎರಡೂ ಬಂದವು.

"ಕೈಸನ್ನೆ ನಡೆಯಲ್ಲಮ್ಮ," ಎಂದರು ಕಾರ್ಯದರ್ಶಿ.

"ನಿಮ್ಮ ನೋಟಿಸ್ ನೀವೇ ಓದಿ. ಜೋರಾಗಿ, ನನ್ನ ಬಲಗಿವಿಗೆ."

"ನಾಯಿಯು ಮಾಲೀಕರ ಆಜ್ಞೆಯನ್ನು ಪಾಲಿಸತಕ್ಕದ್ದು."

"ಬಾಯಲ್ಲೇ ಹೇಳ್ಬೇಕು ಅಂತ ಎಲ್ಲಿದೆ?"

ಎಲ್ಲೂ ಇರಲಿಲ್ಲ.

ಕೊನೆಯದು ಚೆಂಡು. ಎಷ್ಟೇ ಆಸೆಯಾದರೂ ಕದಲಬಾರದು. ತರಬೇತುದಾರ ಚೆಂಡು ಉರುಳಿಸಿದ್ದೇ ತಡ, ಎಲ್ಲರಿಗಿಂತ ಮೊದಲು ಓಡಿದ್ದು ತರಲೆ. ಅದರ ಹಿಂದೆ ಇನ್ನೂ ನಾಲ್ಕು. ನಾನು ಹಗ್ಗ ಹಿಡಿದುಕೊಂಡು ಅಟ್ಟಿಸಿಕೊಂಡು ಹೋದೆ. ತಿರುಗಿ ನೋಡಿದರೆ ಸಾಹೇಬ ಕತ್ತು ಚಾಚಿ ಚೆಂಡನ್ನೇ ದಿಟ್ಟಿಸುತ್ತಿದ್ದ. ಆಮೇಲೆ ನಿಧಾನವಾಗಿ ಅತ್ತೆಯ ಅಂಗೈಯತ್ತ ಕಣ್ಣು ತಿರುಗಿಸಿದ. ಹೆಜ್ಜೆ ಕೀಳಲಿಲ್ಲ.

ತರಬೇತುದಾರ ಸೀಟಿಯನ್ನು ಜೇಬಿಗೆ ಹಾಕಿಕೊಂಡ. "ಪಾಸು," ಎಂದ.

ಕಾರ್ಯದರ್ಶಿ ಚೀಟಿ ಬರೆದುಕೊಟ್ಟರು. ಅತ್ತೆ ಕನ್ನಡಕ ಏರಿಸಿ ಓದಿ ಹಿಂದಕ್ಕೆ ಚಾಚಿದರು. "ವಯಸ್ಸಿನ ಕಾರಣ ವಿಶೇಷ ರಿಯಾಯಿತಿ" ಎಂದಿತ್ತು.

"ಇದನ್ನ ಹೊಡೆದು ಹಾಕಿ."

"ಒಳ್ಳೇ ಮನಸ್ಸಿಂದಲೇ ಬರೆದಿದ್ದೀನಮ್ಮ."

"ಆ ಒಳ್ಳೇ ಮನಸ್ಸು ನಿಮ್ಮ ಹತ್ರಾನೇ ಇರ್ಲಿ. ಅವನು ರಿಯಾಯಿತೀಲಿ ನಿಂತಿದ್ದಲ್ಲ, ಕಲಿತು ನಿಂತಿದ್ದು. ಪಾಸ್ ಅಂತ ಬರೀರಿ. ಅಲ್ಲೀವರೆಗೆ ನಾವಿಬ್ರೂ ಕದಲಲ್ಲ."

ಅತ್ತೆ ಹುಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಸಾಹೇಬ ಪಕ್ಕದಲ್ಲಿ ಕುಕ್ಕರಿಸಿದ. ನಾಯಿ ಹಿಡಿದು ನಿಂತಿದ್ದವರೆಲ್ಲ ಕಾರ್ಯದರ್ಶಿಯ ಮುಖ ನೋಡತೊಡಗಿದರು.

"ಬರೀರಿ ಸಾರ್," ಎಂದ ತರಬೇತುದಾರ. "ಅವರು ಹೇಳ್ತಿರೋದು ಸರಿ. ತಪ್ಪು ಹೇಳಿದ್ದು ನಾನು."

ಕಾರ್ಯದರ್ಶಿ ಆ ಸಾಲು ಹೊಡೆದು ಪಾಸ್ ಎಂದು ಬರೆದರು. ತರಲೆಗೆ ಮುಂದಿನ ತಿಂಗಳು ಬರಲು ಹೇಳಿದರು.

ಮರುದಿನ ಬೆಳಿಗ್ಗೆ ನಾನೂ ತರಲೆಯೂ ಬೇಲಿಯ ಹೊರಗೆ, ಅವರಿಬ್ಬರು ಒಳಗೆ. ಸಾಹೇಬ ಹತ್ತು ಹೆಜ್ಜೆ ನಡೆದು, ಬಿಸಿಲು ಬಿದ್ದ ಜಾಗ ಹುಡುಕಿ ಅಡ್ಡಾದ. ವಾಕಿಂಗ್ ಬಂದ ಕಾರ್ಯದರ್ಶಿ ಅವನನ್ನು ಸುತ್ತಿಕೊಂಡು ಹೋಗಬೇಕಾಯಿತು.

"ಓಡಲ್ಲ, ಆಡಲ್ಲ. ಇದಕ್ಕೆ ಯಾಕಮ್ಮ ಬೇಕಿತ್ತು ಚೀಟಿ?"

"ಮಲಗೋಕೆ," ಎಂದರು ಅತ್ತೆ.