ಅರ್ಧ ಬ್ಲೇಡು

ಶಿಸ್ತು ಸಮಿತಿಯ ಆದೇಶದ ಕೆಳಗೆ ಮೂರನೆಯ ಸಹಿಗಷ್ಟೇ ಜಾಗ ಉಳಿದಿತ್ತು. ಹೆಡ್ ಮೇಡಂ ಪೆನ್ನಿನ ಮುಚ್ಚಳ ತೆಗೆದೇ ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಟರು.

ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ, ಅರ್ಧ ಬ್ಲೇಡು. ಉಳಿದರ್ಧ ಅವನ ಅಂಗಿಯ ಜೇಬಿನಲ್ಲಿತ್ತು, ಕಾಗದ ಸುತ್ತಿಕೊಂಡು. ನಿನ್ನೆ ಅವನೇ ಮುರಿದು, ಈಗ ಮೇಜಿನೆದುರು ನಿಂತಿರುವ ಈ ಐದನೇ ಕ್ಲಾಸಿನ ಹುಡುಗಿಗೆ ಕೊಟ್ಟಿದ್ದ. ಚಾರ್ಕೋಲ್ ಪೆನ್ಸಿಲನ್ನು ಶಾರ್ಪನರಿಗೆ ಹಾಕಿದರೆ ಮೊನೆ ಪುಡಿಪುಡಿ, ಬ್ಲೇಡಿನಲ್ಲೇ ಹೆರೆಯಬೇಕು. ವಾಪಸು ಇಸಿದುಕೊಳ್ಳಲು ಮರೆತಿದ್ದ. ಅಷ್ಟೇ.

ಬೆಳಿಗ್ಗೆ ಪಿ.ಟಿ. ಮೇಷ್ಟ್ರ ತಪಾಸಣೆ. ಆ ಹೊತ್ತು ಮಕ್ಕಳೆಲ್ಲ ಎರಡೂ ಅಂಗೈ ಮೇಲೆ ಮಾಡಿ ಡೆಸ್ಕಿನ ಮೇಲಿಡಬೇಕು. ಬ್ಲೇಡು ಅವಳ ಕಂಪಾಸ್ ಪೆಟ್ಟಿಗೆಯಲ್ಲಿ ಸಿಕ್ಕಿತು. ಪಕ್ಕದಲ್ಲೇ ಇದ್ದ ಕೈವಾರದ ಮೊನೆಯನ್ನು ಯಾರೂ ಕೇಳಲಿಲ್ಲ, ಅದು ಸಿಲಬಸ್ಸಿನಲ್ಲಿತ್ತು.

ಹರಿತವಾದದ್ದು ಸಿಕ್ಕರೆ ಶಾಲೆಯಿಂದ ಹೊರಗೆ. ಯಾಕೆ, ಏನು ಎಂಬುದಿಲ್ಲ. ಶಿಸ್ತು ಸಮಿತಿಯಲ್ಲಿ ಈ ನಿಯಮಕ್ಕೆ ಅವನೂ ಕೈಯೆತ್ತಿದ್ದ. ಅವತ್ತು ಮೀಟಿಂಗು ಬೇಗ ಮುಗಿದರೆ ಸಾಕಾಗಿತ್ತು.

"ಯಾರು ಕೊಟ್ರಮ್ಮ ನಿಂಗೆ?" ಮೇಡಂ ಕೇಳಿದರು.

ಹುಡುಗಿ ಅವನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು. "ನಂದೇ, ಮಿಸ್."

"ಏನ್ ಗಟ್ಟಿಗಿತ್ತಿ ನೋಡಿ!" ಪಿ.ಟಿ. ಮೇಷ್ಟ್ರು ನಕ್ಕರು. "ಇವತ್ತು ಬ್ಲೇಡು, ನಾಳೆ ಮಚ್ಚು."

"ಕೊಟ್ಟೋರು ಸಿಕ್ರೆ ಅವರನ್ನೂ ಬಿಡಲ್ಲ. ಟೀಚರೇ ಆಗ್ಲಿ. ಅಲ್ವಾ ಮೇಷ್ಟ್ರೇ?" ಮೇಡಂ ಅವನತ್ತ ತಿರುಗಿದರು.

"ಹೌದು ಮೇಡಂ."

ಎದೆ ಬಡಿತಕ್ಕೆ ಜೇಬು ಅಲುಗುವುದು ಕಾಣುತ್ತಿರಬೇಕೆನಿಸಿ ತೋಳು ಅಡ್ಡ ಹಿಡಿದ. ಹೇಳಿಬಿಡಬೇಕು. ಹೇಳಿದರೆ? ಕೆಲಸ ಕಾಯಂ ಆಗಲು ಇನ್ನೆರಡು ತಿಂಗಳು.

"ಚಿಕ್ಕ ಹುಡುಗಿ, ಮೇಡಂ..."

"ಬ್ಲೇಡೂ ಚಿಕ್ಕದೇ ಬಿಡಿ," ಎಂದರು ಪಿ.ಟಿ. ಮೇಷ್ಟ್ರು.

ಮೇಡಂ ನಗಲಿಲ್ಲ. "ಏನಾದ್ರೂ ಹೇಳೋದಿತ್ತಾ?"

"ಇಲ್ಲ. ಏನಿಲ್ಲ."

ಸಹಿ ಹಾಕಿದ. ಅಂದವಾಗಿಯೇ ಬಂತು.

"ನಡಿ, ನಿಮ್ಮಪ್ಪ ಗೇಟಲ್ಲಿದಾರೆ," ಎಂದರು ಮೇಡಂ. ಹುಡುಗಿ ಬಾಗಿಲಲ್ಲಿ ನಿಂತಳು.

"ಸರ್, ಕೈ ಚಿತ್ರ ಮುಗೀಲಿಲ್ಲ. ಹೆಬ್ಬೆರಳು ಬಾಕಿ."

ಅವನು ಯಾವುದೋ ಫೈಲು ನೋಡತೊಡಗಿದ.

ಕ್ಲಾಸಿಗೆ ಹೋದಾಗ, ಅವನ ಹೆಜ್ಜೆ ಸದ್ದಿಗೇ ಮಕ್ಕಳು ಅಂಗೈ ಮೇಲೆ ಮಾಡಿ ಕೂತಿದ್ದರು.

"ಕೈ ತೆಗೀರೋ, ನಾನು ಕಣ್ರೋ, ಡ್ರಾಯಿಂಗ್ ಕ್ಲಾಸು."

ಒಂದು ಕೈಯೂ ಅಲುಗಲಿಲ್ಲ. ಅವಳ ಖಾಲಿ ಡೆಸ್ಕಿನ ಮೇಲೂ ಒಂದು ಅಂಗೈ ಇತ್ತು: ಬಿಳಿ ಹಾಳೆಯ ಮೇಲೆ, ಕಪ್ಪು ಗೀಟುಗಳಲ್ಲಿ, ನಾಲ್ಕು ಬೆರಳಿನದು.

ಕಾರಿಡಾರಿನಲ್ಲಿ ಪಿ.ಟಿ. ಮೇಷ್ಟ್ರ ಬೂಟಿನ ಸದ್ದು. ಪಕ್ಕದ ಕ್ಲಾಸು ದಾಟಿತು. ಹತ್ತಿರ ಬಂತು.

ಅವನು ಕುರ್ಚಿಯಲ್ಲಿ ಕೂತ. ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ, ಅಂಗೈ ಮೇಲೆ ಮಾಡಿ.