ಎಡಕ್ಕೆ ಎಳೆಯುತ್ತಿದ್ದ ಕಡ್ಡಿ

ನಾನು ಒಂದು ಕಂಟ್ರೋಲರ್. ವಿಡಿಯೋ ಗೇಮ್ ಆಡುವವರು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರಲ್ಲ, ಅದೇ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕಪ್ಪು ಮೈ, ಬಲಕ್ಕೆ ನಾಲ್ಕು ಗುಂಡಿ, ಹೆಬ್ಬೆರಳುಗಳಿಗೆಂದು ಎರಡು ಪುಟ್ಟ ಕಡ್ಡಿ, ಅವುಗಳ ತಲೆಗೆ ರಬ್ಬರ್ ಟೋಪಿ. ನನ್ನನ್ನು ಜೋಡಿಸಿದ ಹೆಂಗಸು ಕಡ್ಡಿಗಳನ್ನು ಒಂದೊಂದು ಸುತ್ತು ತಿರುಗಿಸಿ ಕೈಬಿಟ್ಟಳು. ಎರಡೂ ನಡುವಿಗೆ ಬಂದು ನೆಟ್ಟಗೆ ನಿಂತವು. ಅವಳು ತಲೆಯಾಡಿಸಿ ನನ್ನನ್ನು ಮುಂದಕ್ಕೆ ಸರಿಸಿದಳು.

ನನ್ನನ್ನು ಕೊಂಡವನು ನಿತಿನ್, ಹುಬ್ಬಳ್ಳಿಯ ಒಂದು ಬ್ಯಾಂಕಿನ ಗುಮಾಸ್ತ. ದ್ಯಾಮಣ್ಣ ಎಂಬ ನಿವೃತ್ತ ಬಸ್ ಡ್ರೈವರ್ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ. ದಿನವಿಡೀ ಕೌಂಟರಿನಲ್ಲಿ ಮೆತ್ತಗೆ ಮಾತಾಡಿ ಬಂದವನು ಸಂಜೆ ಫುಟ್‌ಬಾಲ್ ಆಟಕ್ಕೆ ಕೂತರೆ ಬೇರೆಯೇ ಮನುಷ್ಯ. ನನ್ನ ಎಡಗಡೆಯ ಕಡ್ಡಿಯನ್ನು ಕಿತ್ತುಬರುವ ಹಾಗೆ ಒತ್ತುತ್ತಿದ್ದ. ಸೋತರೆ ನನ್ನನ್ನು ಹಾಸಿಗೆಯ ಮೇಲೆ ಎಸೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ತಾನೇ ಎತ್ತಿಕೊಂಡು ಅಂಗಿಯ ಅಂಚಿನಿಂದ ಒರೆಸುತ್ತಿದ್ದ. ಹೀಗೆ ಎರಡು ವರ್ಷ. ಆಮೇಲೆ ಅವನಿಗೆ ಕಾರವಾರಕ್ಕೆ ವರ್ಗವಾಯಿತು. ಹೋಗುವಾಗ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಯನ್ನೂ ನನ್ನನ್ನೂ ದ್ಯಾಮಣ್ಣನವರ ಮೊಮ್ಮಗಳು ಸಿಂಚನಾಳ ಕೈಗಿಟ್ಟ. ಆಗ ಅವಳು ಎಂಟನೇ ತರಗತಿ.

ನಾನು ಕೆಳಗಿನ ಮನೆಗೆ ಇಳಿದ ಹೊತ್ತಿಗೆ ಆ ಮನೆಯಲ್ಲಿ ಯಾರೂ ದನಿಯೆತ್ತಿ ಮಾತಾಡುತ್ತಿರಲಿಲ್ಲ. ಮೂರು ತಿಂಗಳ ಹಿಂದೆ ದ್ಯಾಮಣ್ಣನವರಿಗೆ ಲಕ್ವ ಹೊಡೆದಿತ್ತು. ಕಾಲು ಸುಧಾರಿಸಿತ್ತು, ಎಡಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ದಿನಕ್ಕೆ ನೂರು ಸಲ ಹಿಚುಕಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅವರು ಅದನ್ನು ಮುಟ್ಟುತ್ತಿರಲಿಲ್ಲ. ಮೂವತ್ತೊಂದು ವರ್ಷ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ ಅದು. ಚೆಂಡು ಹಿಚುಕಲು ಅವರಿಗೆ ನಾಚಿಕೆ.

ಸಿಂಚನಾ ಒಂದು ದಿನ ಬಸ್ ಓಡಿಸುವ ಆಟವೊಂದನ್ನು ಟಿವಿಯಲ್ಲಿ ಹಾಕಿ ನನ್ನನ್ನು ಅವರ ಕೈಯಲ್ಲಿಟ್ಟಳು.

"ಅಜ್ಜಾ, ಘಾಟದಾಗ ಬಸ್ ನಿಂತೈತಿ. ಇಳಸಾಕ ನನಗ ಬರವಲ್ದು."

ಅವರು ಪರದೆಯನ್ನು ನೋಡಿದರು. "ಇದಕ್ಕ ಬ್ರೇಕ್ ಎಲ್ಲೈತಿ?" ಅಂದರು.

ಮೊದಲ ದಿನ ಬಸ್ಸು ಆರು ಸಲ ಕಂದಕಕ್ಕೆ ಬಿತ್ತು. ಅವರ ಎಡ ಹೆಬ್ಬೆರಳು ನನ್ನ ಕಡ್ಡಿಯ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಸಿಂಚನಾ ತನ್ನ ಬೆರಳನ್ನು ಅದರ ಮೇಲಿಟ್ಟು ಒತ್ತಿದಳು. ಹದಿನೈದು ದಿನ ಕಳೆದ ಮೇಲೆ ಅವಳ ಬೆರಳು ಬೇಕಾಗಲಿಲ್ಲ. ಎರಡು ತಿಂಗಳಿಗೆ ಬಸ್ಸು ಘಟ್ಟ ಇಳಿಯಿತು. ಆ ವಾರ ಅವರು ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಂಡರು. ಹೆಂಡತಿ ಪಾರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋಗಿ ಒಂದು ಬಟ್ಟಲು ಹೆಸರುಬೇಳೆ ಪಾಯಸ ಮಾಡಿದಳು.

ಹೀಗಿರುವಾಗ ಕೆಟ್ಟದ್ದು ಶುರುವಾಯಿತು, ಅದೂ ನನ್ನೊಳಗೇ.

ನನ್ನ ಎಡಗಡೆಯ ಕಡ್ಡಿಯ ಬುಡದಲ್ಲಿ ಉಗುರಿನ ಅಂಚಿನಷ್ಟು ಸಣ್ಣ ಕಪ್ಪು ಪಟ್ಟಿಯೊಂದಿತ್ತು. ಕಡ್ಡಿ ಆಡಿದ ಹಾಗೆ ಒಂದು ಲೋಹದ ನಾಲಿಗೆ ಅದರ ಮೇಲೆ ಉಜ್ಜಿಕೊಂಡು ಓಡಾಡುತ್ತಿತ್ತು. ಕಡ್ಡಿ ಎಲ್ಲಿದೆ ಎಂದು ಆಟಕ್ಕೆ ತಿಳಿಯುತ್ತಿದ್ದದ್ದು ಅದರಿಂದಲೇ. ನಿತಿನ್ ಒತ್ತಿ ಒತ್ತಿ ಆ ಪಟ್ಟಿ ಸವೆದಿತ್ತು. ಈಗ ಕಡ್ಡಿ ನೆಟ್ಟಗೆ ನಿಂತಿದ್ದರೂ ಎಡಕ್ಕೆ ವಾಲಿದೆ ಎಂದು ನಾನು ಆಟಕ್ಕೆ ಹೇಳತೊಡಗಿದೆ.

ಸಿಂಚನಾಳಿಗೆ ಆಗ ವಾರ್ಷಿಕ ಪರೀಕ್ಷೆ. ಅವಳು ಆಟದ ಕಡೆ ಬರುತ್ತಿರಲಿಲ್ಲ. ಮಧ್ಯಾಹ್ನ ದ್ಯಾಮಣ್ಣ ಒಬ್ಬರೇ ಕೂತು ಆಡುತ್ತಿದ್ದರು. ಬಸ್ಸು ಎಡಕ್ಕೆ ಎಳೆಯಿತು. ಅವರು ಬಲಕ್ಕೆ ಒತ್ತಿದರು. ಮತ್ತೆ ಎಡಕ್ಕೆ. ಮೂರನೆಯ ಸಲ ಬಸ್ಸು ರಸ್ತೆ ಬಿಟ್ಟು ಇಳಿದಾಗ ಅವರು ನನ್ನನ್ನು ಕೆಳಗಿಟ್ಟು ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ನೋಡಿಕೊಂಡರು. ಗಾಡಿಯ ಮೇಲೆ ತಪ್ಪು ಹೊರಿಸುವ ಡ್ರೈವರುಗಳನ್ನು ಕಂಡರೆ ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಹಾಗಾಗಿ ನನ್ನ ಮೇಲೆ ಅವರಿಗೆ ಸಂಶಯವೇ ಬರಲಿಲ್ಲ. ಲಕ್ವ ಮತ್ತೆ ಬರುತ್ತಿದೆ ಎಂದುಕೊಂಡರು.

ಯಾರಿಗೂ ಹೇಳಲಿಲ್ಲ. ನನ್ನನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಅಲ್ಲಿಂದ ನನಗೆ ಮನೆಯ ಮಾತು ಮಾತ್ರ ಕೇಳುತ್ತಿತ್ತು. "ಗುಂಡಿ ಹಾಕು ಬಾ" ಎಂದು ಅವರು ಪಾರವ್ವನನ್ನು ಕರೆದದ್ದು ಕೇಳಿತು. "ಯಾಕ, ನೀವ ಹಾಕ್ಕೊಂತಿದ್ರೆಲ್ಲ?" ಎಂದು ಅವಳು ಕೇಳಿದಳು. ಸುಳ್ಳು ಹೇಳಿದವನು ನಾನು, ಶಿಕ್ಷೆ ಅವರಿಗೆ. ಬಾಯಿಲ್ಲದ ವಸ್ತುವಾಗಿ ಹುಟ್ಟಿದ್ದಕ್ಕೆ ನಾನು ಮರುಗಿದ್ದು ಆ ದಿನಗಳಲ್ಲಿ ಮಾತ್ರ.

ಪರೀಕ್ಷೆ ಮುಗಿದ ಮರುದಿನ ಸಿಂಚನಾ ಕಪಾಟು ತೆರೆದು ನನ್ನನ್ನು ಬಿಚ್ಚಿದಳು. ಬಸ್ಸಿನ ಆಟ ಹಾಕಿ, ನನ್ನನ್ನು ಮಂಚದ ಮೇಲಿಟ್ಟು, ಅಜ್ಜನನ್ನು ಕರೆಯಲು ಪಡಸಾಲೆಗೆ ಹೋದಳು.

"ನನ್ನ ಕೈ ಮತ್ತ ಹೋತವ್ವ," ಎಂದರು ದ್ಯಾಮಣ್ಣ. "ಎಡಕ್ಕ ಎಳೀತೈತಿ. ನಿನ್ನ ಪರೀಕ್ಷೆ ಮುಗೀಲಿ ಅಂತ ಸುಮ್ಮನಿದ್ದೆ."

ಅವಳು ಗಾಬರಿಯಾಗಿ ಅವರ ಕೈಹಿಡಿದು ಒಳಗೆ ಕರೆತಂದಳು. ಕೂರಿಸಲು ಮಂಚದ ಹತ್ತಿರ ಬಂದವಳು ಟಿವಿ ನೋಡಿ ನಿಂತಳು. ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಒಳಗಿನ ಸ್ಟೇರಿಂಗ್ ತಾನೇ ತಾನಾಗಿ ಎಡಕ್ಕೆ ತಿರುಗಿ ನಿಂತಿತ್ತು. ನನ್ನನ್ನು ಯಾರೂ ಮುಟ್ಟಿರಲಿಲ್ಲ.

"ಅಜ್ಜಾ, ಅಲ್ಲಿ ನೋಡು. ಯಾರ ಕೈ ಐತಿ ಅದರ ಮ್ಯಾಲೆ?"

ಅವರು ಪರದೆ ನೋಡಿದರು, ನನ್ನನ್ನು ನೋಡಿದರು. ನಿಧಾನವಾಗಿ ತಮ್ಮ ಎಡಗೈಯ ಬೆರಳುಗಳನ್ನು ಮಡಚಿದರು, ಬಿಚ್ಚಿದರು. ಮಂಚದ ಮೇಲೆ ಕೂತರು. ಪಾರವ್ವ ಬಂದು ಏನಾಯಿತು ಎಂದು ಕೇಳಿದಾಗ, "ಗಾಡಿ ಎಳೀತಿತ್ತಲೇ," ಎಂದರು. ಅವರ ಕಣ್ಣು ತುಂಬಿತ್ತು.

ಸಂಜೆಯೇ ರಿಪೇರಿಗೆ ಹೊರಟರು. ಲಕ್ವ ಹೊಡೆದ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗದಿದ್ದವರು, ಸಿಂಚನಾಳ ಜೊತೆ ಆಟೋದಲ್ಲಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅಂಗಡಿ ತಬಸ್ಸುಮ್ ಎಂಬಾಕೆಯದು. ಮೊಬೈಲ್ ರಿಪೇರಿ ಕಲಿತು ಗಂಡಸರ ಸಾಲಿನ ನಡುವೆ ಸ್ವಂತ ಮೇಜು ಹಾಕಿಕೊಂಡವಳು. ಅವಳು ನನ್ನ ಬೆನ್ನಿನ ಸ್ಕ್ರೂಗಳನ್ನು ಬಿಚ್ಚಿ, ಕಡ್ಡಿಯ ಬುಡಕ್ಕೆ ದೀಪ ಹಿಡಿದಳು.

"ಸ್ಪ್ರೇ ಹೊಡದ್ರ ಎರಡು ವಾರ ಸುಮ್ಮನಿರತೈತಿ, ಮತ್ತ ಶುರುವಾಗತೈತಿ ಅಜ್ಜಾರ. ಪೂರಾ ಕಡ್ಡೀನ ಬದಲಿ ಮಾಡ್ತೀನಿ. ಈಗ ಅಯಸ್ಕಾಂತದ್ದು ಬಂದೈತಿ, ಅದು ಉಜ್ಜಂಗಿಲ್ಲ, ಸವೆಯಂಗಿಲ್ಲ."

"ಸವದಿದ್ದು ಎಲ್ಲಿ, ನನಗ ತೋರಸ್ತೀಯೇನವ್ವ?"

ಅವಳು ಸೋಲ್ಡರಿಂಗ್ ಐರನ್ ಕಾಯಿಸಿ ಬೆಸುಗೆ ಕರಗಿಸಿ ಹಳೆಯ ಕಡ್ಡಿ ತೆಗೆದಳು. ಅದರ ಬುಡ ಬಿಚ್ಚಿ ಭೂತಗನ್ನಡಿಯ ಕೆಳಗಿಟ್ಟಳು. ಕಪ್ಪು ಪಟ್ಟಿಯ ಮೇಲೆ ಒಂದು ಕಡೆ ಬಿಳಿಯ ಗೀರು. ದ್ಯಾಮಣ್ಣ ಬಗ್ಗಿ ಅದನ್ನೇ ನೋಡಿದರು.

"ಇಷ್ಟ ಸಣ್ಣದು," ಎಂದರು. "ಇದಕ್ಕ ನಾನು ಇಷ್ಟು ದಿನ ಗುಂಡಿ ಹಾಕ್ಕೊಳ್ಳೋದ ಬಿಟ್ಟಿದ್ದೆ."

ಹೊಸ ಕಡ್ಡಿ ಕೂರಿಸಿ ತಬಸ್ಸುಮ್ ನನ್ನನ್ನು ತನ್ನಲ್ಲಿದ್ದ ಆಟದ ಪೆಟ್ಟಿಗೆಗೆ ಹೊಂದಿಸಿ, ಬಸ್ಸಿನ ಆಟ ಹಾಕಿ ಅವರ ಕೈಗೇ ಕೊಟ್ಟಳು. ಬಸ್ಸು ನೆಟ್ಟಗೆ ಓಡಿತು. ಒಂದು ತಿರುವು ದಾಟಿತು, ಎರಡು ದಾಟಿತು. ಮೂರನೆಯದರಲ್ಲಿ ಅವರ ಹೆಬ್ಬೆರಳು ಸೋತು ಬಸ್ಸು ರಸ್ತೆಯಂಚಿನ ಕಲ್ಲಿಗೆ ತಾಗಿತು. ಸಿಂಚನಾ ಉಸಿರು ಹಿಡಿದಳು. ದ್ಯಾಮಣ್ಣ ನಕ್ಕರು.

"ಇದು ಮಾತ್ರ ನಂದ ತಪ್ಪು," ಎಂದರು. "ಇದನ್ನ ನಾ ಸರಿ ಮಾಡ್ಕೊಂತೀನಿ."

ಮಾಡಿಕೊಂಡರು ಕೂಡ. ವರ್ಷ ತುಂಬುವ ಮೊದಲು ಎಡಗೈಯಲ್ಲಿ ಚಹಾದ ಲೋಟ ಹಿಡಿದರು. ಸಿಂಚನಾ ಕಾಲೇಜು ಸೇರಿದಳು, ಆಟದ ಪೆಟ್ಟಿಗೆ ಹಳತಾಗಿ ಕೆಟ್ಟಿತು. ಆಗ ದ್ಯಾಮಣ್ಣ ನನ್ನನ್ನು ತಾವು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯ ಫಿಜಿಯೋಥೆರಪಿ ಕೋಣೆಗೆ ಒಯ್ದು, "ಚೆಂಡು ಬ್ಯಾಡ ಅನ್ನೋರಿಗೆ ಇದನ್ನ ಕೊಡ್ರಿ," ಎಂದು ಇಟ್ಟು ಬಂದರು.

ಈಗ ನನ್ನ ಜಾಗ ಅಲ್ಲಿನ ಕಿಟಕಿಯ ಕಟ್ಟೆ. ನನ್ನ ಗುಂಡಿಗಳ ಮೇಲಿನ ಗುರುತುಗಳು ಅಳಿಸಿವೆ, ಬ್ಯಾಟರಿ ಸತ್ತಿದೆ. ಈ ಕೋಣೆಯಲ್ಲಿ ಟಿವಿಯೂ ಇಲ್ಲ. ಈ ತಿಂಗಳು ಯಂಕವ್ವ ಎಂಬ ಹೂ ಕಟ್ಟುವಾಕೆ ಬರುತ್ತಿದ್ದಾಳೆ. ಅವಳ ಹೆಬ್ಬೆರಳು ಇಪ್ಪತ್ತು ದಿನ ನನ್ನ ಕಡ್ಡಿಯ ಮೇಲೆ ಸುಮ್ಮನೆ ಮಲಗಿತ್ತು. ಇವತ್ತು ಬೆಳಿಗ್ಗೆ ಅದು ಕಡ್ಡಿಯನ್ನು ಒಂದು ಅಕ್ಕಿಕಾಳಿನಷ್ಟು ತಳ್ಳಿತು. ಯಾವ ಪರದೆಯ ಮೇಲೂ ಏನೂ ಅಲುಗಲಿಲ್ಲ. ಯಂಕವ್ವ ಮಾತ್ರ ತಲೆಯೆತ್ತಿ ಡಾಕ್ಟರ ಮುಖ ನೋಡಿದಳು. "ಆತಲ್ಲ?" ಎಂದು ಕೇಳಿದಳು.

ಆಯಿತು. ಅದು ಮೊದಲು ಗೊತ್ತಾದದ್ದು ನನಗೆ.